ಅಮ್ಮನಿಗೆ ಚಾಡಿ ಹೇಳುವ ನೀರಿನ ಬಾಟಲಿಯವರಿಗೆ

ಮಾನ್ಯ ಬಾಟಲಿಯವರೇ,

ತಮಗೆ ಪಾದಗಳಿಲ್ಲದ ಕಾರಣ ತಮ್ಮ ತಳಭಾಗಕ್ಕೆ, ಕಾರವಾರದ ಹಾಸ್ಟೆಲಿನಿಂದ ಬಿ.ಎಸ್ಸಿ. ಮೊದಲ ವರ್ಷದ ಹರಿಣಿಯ ನಮಸ್ಕಾರಗಳು. ಮೊದಲಿಗೆ ಸಾರಿ. ತಮ್ಮಂಥ ಘನ ಸ್ಟೀಲಿನವರಿಗೆ ನನ್ನಂಥವಳು ಪತ್ರ ಬರೆಯುವುದೇ ತಪ್ಪು, ಅದರಲ್ಲೂ ಕನ್ನಡದಲ್ಲಿ. ಐದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲುಗಳಲ್ಲೇ ಬೆಳೆದವಳು, ಎಲ್ಲಾದರೂ ಎಡವಿದರೆ ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಬೇಕು. ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ತಾವು ಕಳೆದ ಭಾನುವಾರದಿಂದ ಅಂಕೋಲೆಯಲ್ಲಿ ನನ್ನ ಅಮ್ಮ ವಸುಮತಿಯ ಜೊತೆ ವಾಸವಾಗಿದ್ದೀರಿ, ಮತ್ತು ಮನೆಗೆ ಬಂದ ಯಾವ ಲಕೋಟೆಯನ್ನೂ ಅಮ್ಮ ಒಡೆಯದೆ ಬಿಟ್ಟ ಉದಾಹರಣೆಯಿಲ್ಲ. ಆದ್ದರಿಂದ ಇದನ್ನು ಕಾಲೇಜಿನ ಗೋಡೆಪತ್ರಿಕೆಗೆ ಅಂಟಿಸುತ್ತಿದ್ದೇನೆ. ಅಲ್ಲಿ ಹಾಕಿದ್ದನ್ನು ಯಾರೂ ಓದುವುದಿಲ್ಲ ಎಂದು ಸೀನಿಯರ್‌ಗಳು ಧೈರ್ಯ ಹೇಳಿದ್ದಾರೆ.

ತಮ್ಮ ಆಗಮನದ ಹಿನ್ನೆಲೆ ತಮಗೆ ಮರೆತಿರಲಾರದು. ಕಾಲೇಜು ಶುರುವಾದ ಕೆಲವೇ ದಿನಗಳಲ್ಲಿ ನನಗೆ ಉರಿಮೂತ್ರವಾಗಿ (ಈ ಪದವನ್ನು ಗೋಡೆಗೆ ಅಂಟಿಸಲು ನಾಚಿಕೆಯೇ, ಆದರೆ ವಿಷಯ ನೀರಿನದು) ಡಾಕ್ಟರು ನೀರು ಕುಡಿಯುವುದಿಲ್ಲವೆಂದು ಬೈದು ಕಳಿಸಿದ ಸುದ್ದಿ ಕೇಳಿ, ಗೋವೆಯಲ್ಲಿರುವ ಅಮೃತ್ ಮಾವ ತಮ್ಮನ್ನು ಉಡುಗೊರೆಯಾಗಿ ತಂದುಕೊಟ್ಟರು. ನಾನು ಕುಡಿದಷ್ಟನ್ನೂ ಅಳೆದು, ಸಾಕಾದರೆ ಹಸಿರು ದೀಪ, ಸಾಲದಿದ್ದರೆ ಕೆಂಪು ದೀಪ ಹೊತ್ತಿಸಿ, ಅದೇ ವರದಿಯನ್ನು ನನ್ನದೇ ಫೋನಿನ ಮೂಲಕ, ನನ್ನದೇ ಡೇಟಾ ಖರ್ಚಿನಲ್ಲಿ, ಅಮ್ಮನ ಫೋನಿಗೆ ಮುಟ್ಟಿಸುವ ತಮ್ಮ ಕರ್ತವ್ಯನಿಷ್ಠೆಗೆ ನಮ್ಮ ವಾರ್ಡನ್ ಮೇಡಂ ಕೂಡ ಸಾಟಿಯಲ್ಲ. ಅವರು ಮಧ್ಯಾಹ್ನವಾದರೂ ನಿದ್ದೆ ಮಾಡುತ್ತಾರೆ. ಅಮ್ಮನ ಷರತ್ತು ಸರಳವಾಗಿತ್ತು: "ಹಸಿರು ಬಂದ್ರೆ ಹಾಸ್ಟೆಲು. ಕೆಂಪು ಬಂತೋ, ಗಂಟು ಕಟ್ಟು ಕೂಸೇ, ಮನೆಯಿಂದ್ಲೇ ದಿನಾ ಬಸ್ಸಲ್ಲಿ ಓಡಾಡು."

ಹಾಸ್ಟೆಲು ಬಿಡುವುದೆಂದರೆ ಏನು ಮಹಾ ಎಂದು ತಾವು ಕೇಳಬಹುದು. ಹಳೆಯ ಹಾಸ್ಟೆಲುಗಳಲ್ಲಿ ನನ್ನನ್ನು ನಂಬರಿನಿಂದ ಕರೆಯುತ್ತಿದ್ದರು. ಇಲ್ಲಿ ಚಿತ್ತಾಕುಲದ ಸಂಧ್ಯಾ ಎಂಬ ರೂಮ್‌ಮೇಟ್ ಮೊದಲ ದಿನವೇ "ಅಗೋ ಹರಿಣಿ, ಮೇಲಿನ ಮಂಚ ನಿಂದು, ಕಿಟಕಿ ಇಬ್ರದ್ದೂ" ಎಂದಳು. ಬೇಸಿಕಲಿ ಅಷ್ಟೇ. ಆದರೆ ಆ ಅಷ್ಟನ್ನು ಬಿಟ್ಟುಹೋಗಲು ನನಗೆ ಮನಸ್ಸಿಲ್ಲ.

ನೀರಿನ ಮೇಲೆ ನನಗೆ ದ್ವೇಷವೇನೂ ಇಲ್ಲ ಎಂಬುದನ್ನು ವಿನಯದಿಂದ ಸ್ಪಷ್ಟಪಡಿಸುತ್ತೇನೆ. ಹಾಸ್ಟೆಲಿನ ಫಿಲ್ಟರಿನ ನೀರು ಎಷ್ಟು ಶುದ್ಧವೆಂದರೆ, ಅದರೊಳಗೆ ನೀರೂ ಇಲ್ಲವೇನೋ ಎನಿಸುತ್ತದೆ. ಅದಕ್ಕೊಂದು ರುಚಿ ಹುಟ್ಟಿಸಲು ನಾನು ಮುರುಗಲಿನ, ಅಂದರೆ ಕೋಕಮ್ಮಿನ, ಸಿಪ್ಪೆ ಹಾಕಿದೆ. ಚಂದದ ನಸುಗೆಂಪು ಬಣ್ಣ ಬಂತು, ನಾಲಿಗೆಗೆ ಜೀವ ಬಂತು, ಆದರೆ ತಾವು ಅದಕ್ಕಿಂತ ಕೆಂಪಾಗಿ, ಬಾಟಲಿ ತೊಳೆಯಿರಿ ಎಂದು ಅಮ್ಮನಿಗೇ ದೂರು ಕೊಟ್ಟಿರಿ. ಲಾವಂಚದ ಬೇರು ಹಾಕಿದರೆ ಅದನ್ನು ತಮ್ಮ ಗಂಟಲಲ್ಲಿ ಸಿಕ್ಕಿಸಿಕೊಂಡು ಒಂದಿಡೀ ದಿನ ಮೌನವ್ರತ ಹಿಡಿದಿರಿ. ಜೀರಿಗೆ ಹಾಕಿ ಕುದಿಸಿದ ನೀರನ್ನಂತೂ ನೀರೆಂದೇ ಒಪ್ಪಲಿಲ್ಲ. ಬರೀ ನೀರನ್ನು ಬರಿದಾಗಿಯೇ ಕುಡಿಯಬೇಕೆಂಬ ತಮ್ಮ ಸಿದ್ಧಾಂತಕ್ಕೆ ನಾನು ತಲೆಬಾಗಿದೆ. ತಲೆ ಬಾಗಿಸಿದರೂ ಗಂಟಲಲ್ಲಿ ಇಳಿಯಲಿಲ್ಲ ಅಷ್ಟೇ. ದಿನ ದಿನವೂ ಕೆಂಪು.

ಆಗ ದಾರಿ ತೋರಿಸಿದವಳು ಸಂಧ್ಯಾ. ಅವರ ಮನೆಗೆ ಬಿಸಿಲಲ್ಲಿ ಯಾರೇ ಬಂದರೂ ಮೊದಲು ಕೈಗೆ ಒಂದು ಬೆಲ್ಲದ ಚೂರು, ಆಮೇಲೆ ಒಂದು ಚೊಂಬು ನೀರು. ನಮ್ಮ ಕಡೆಯೂ ಹಾಗೆಯೇ, ಆದರೆ ಮನೆಗೆ ನೆಂಟಳಂತೆ ಬಂದುಹೋಗುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ. "ಬೆಲ್ಲ ಬಾಟ್ಲಿಗೆ ಅಲ್ಲ ಗೋ, ಬಾಯಿಗೆ" ಎಂದಳು. ಬಾಯಲ್ಲಿ ಬೆಲ್ಲ ಕರಗುತ್ತಿರುವಾಗ ಮೇಲಿಂದ ತಣ್ಣಗಿನ ಬರೀ ನೀರು ಬಿದ್ದರೆ ಅದು ಯಾವ ಶರಬತ್ತಿಗೂ ಕಡಿಮೆಯಿಲ್ಲ ಎಂಬುದನ್ನು ನಾಲಿಗೆಯಿಲ್ಲದ ತಮಗೆ ವಿವರಿಸುವುದು ಕ್ರೌರ್ಯವಾದೀತು. ತಮ್ಮ ಹೊಟ್ಟೆಯೊಳಗಿದ್ದದ್ದು ಶುದ್ಧ ನೀರೇ. ತಾವು ಹಸಿರಾದಿರಿ.

ದುರದೃಷ್ಟವೆಂದರೆ, ಬೆಲ್ಲದ ಡಬ್ಬಿಯಿರುವ ರೂಮಿನ ವಿಷಯ ಹಾಸ್ಟೆಲಿನಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಕದ್ವಾಡದ ವಿಭಾ ಬಂದಳು, ಅವಳ ಹಿಂದೆ ಇಡೀ ಮಹಡಿ ಬಂತು. ಬಂದವರಿಗೆಲ್ಲ ಒಂದು ಚೂರು ಬೆಲ್ಲ, ತಮ್ಮಿಂದ ಎತ್ತಿ ಹೊಯ್ದುಕೊಂಡು ನಾಲ್ಕು ಗುಟುಕು ನೀರು, ಮತ್ತೆ ತುಂಬಿಸು, ಮತ್ತೆ ಕುಡಿ, ನಡುವೆ ಎಲ್ಲರ ಮಾತು. ಅಷ್ಟನ್ನೂ ತಾವು ಒಬ್ಬಳೇ ಹರಿಣಿಯ ಹೊಟ್ಟೆಗೆ ಜಮಾ ಮಾಡಿ, "ಕಂಗ್ರಾಟ್ಸ್! ನಿಮ್ಮ ಪ್ರೀತಿಪಾತ್ರರು ಇಂದು ನೀರಿನ ಚಾಂಪಿಯನ್" ಎಂದು ಕಿರೀಟದ ಚಿತ್ರದ ಸಮೇತ ಅಂಕೋಲೆಗೆ ಸುದ್ದಿ ಕೊಟ್ಟಿರಿ. ಒಂದು ಕೊಡ ನೀರು ಕುಡಿದೂ ಬಾಯಾರುವ ಮಗಳಿಗೆ ಸಕ್ಕರೆ ಕಾಯಿಲೆಯೇ ಸೈ ಎಂದು ತೀರ್ಮಾನಿಸಿದ ಅಮ್ಮ, ಭಾನುವಾರ ಮೊದಲ ಬಸ್ಸಿಗೇ ಬಂದಿಳಿದಳು.

ಬಾಗಿಲಲ್ಲಿ ನಿಂತವಳಿಗೆ ಸಂಧ್ಯಾ ಅಭ್ಯಾಸಬಲದಿಂದ ಬೆಲ್ಲದ ಡಬ್ಬಿ ಹಿಡಿದಾಗ, "ಶುಗರ್ ಬಂದ ಕೂಸಿನ ರೂಮಲ್ಲಿ ಬೆಲ್ಲ ಹಂಚ್ತೀರನೇ!" ಎಂದು ಅಮ್ಮ ಕಿರುಚಿದ್ದು ಕೆಳಗಿನ ಮೆಸ್ಸಿನವರೆಗೂ ಕೇಳಿತಂತೆ. ಆದರೂ ಬಸ್ಸಿನ ದಣಿವು ನೋಡಿ. ಬೈಯುತ್ತಲೇ ಒಂದು ಚೂರು ಬಾಯಿಗೆ ಹಾಕಿಕೊಂಡು, ತಮ್ಮನ್ನು ಎತ್ತಿ ಪೂರ್ತಿ ಬರಿದು ಮಾಡಿದಳು. ಮರುಕ್ಷಣವೇ ಅವಳ ಚೀಲದೊಳಗಿನ ಫೋನು, ತಮ್ಮ ಪ್ರೀತಿಪಾತ್ರಳಾದ ಹರಿಣಿ ಈಗಷ್ಟೇ ನೀರು ಕುಡಿದಳೆಂದು ಹಾಡಿತು. ಅಮ್ಮ ಫೋನು ನೋಡಿದಳು, ನನ್ನನ್ನು ನೋಡಿದಳು, ತಮ್ಮನ್ನು ನೋಡಿದಳು.

"ಈ ಡಬ್ಬ ಖರೆ ಹೇಳ್ತದೋ ಸುಳ್ಳು ಹೇಳ್ತದೋ, ನಾನೇ ಒಂದ್ ವಾರ ಕುಡ್ದು ನೋಡ್ತೆ" ಎಂದಳು. "ಖರೆಯಾದ್ರೆ ನಿನ್ನ ಮೊದಲಿನ ಕೆಂಪೆಲ್ಲ ಖರೆ, ಮನೆಗೆ ನಡಿ. ಸುಳ್ಳಾದ್ರೆ ಇಲ್ಲೇ ಇರು." ರಕ್ತಪರೀಕ್ಷೆ ಮಾಡಿಸಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ತಮ್ಮನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಸಂಧ್ಯಾ ಏನೋ ಒತ್ತಿ, ತಮ್ಮ ವರದಿ ಇನ್ನು ಮುಂದೆ ನನ್ನ ಫೋನಿಗೆ ಬರುವಂತೆ ಮಾಡಿಕೊಟ್ಟಳು.

ಸೋಮವಾರ ಇಡೀ ಹಗಲು ಕೆಂಪು. ಮಂಗಳವಾರವೂ ಕೆಂಪು. ಅಮ್ಮ ನೀರು ಕುಡಿಯದಿರುವುದುಂಟೇ ಎಂದು ನಾನು ಖುಷಿಯಿಂದ ಕುಣಿದೆ, ಸುಳ್ಳುಗಾರರೆಂದು ತಮ್ಮನ್ನು ಕೊಂಡಾಡಿದೆ, ಫೋನು ಮಾಡಿ "ಅಮ್ಮಾ, ತಪ್ಪು ಹೇಳ್ತಾ ಉಂಟಲ್ಲ?" ಎಂದೆ. ಅಮ್ಮ, "ಸರೀನೇ ಹೇಳ್ತದೆ ಮಾರಾಯ್ತಿ" ಎಂದಳು. ಅವಳದು ಪೇಟೆಯಲ್ಲಿ ಜೆರಾಕ್ಸ್ ಅಂಗಡಿ, ಒಬ್ಬಳೇ. ಆ ಸಾಲಿನ ಹಿಂದಿರುವ ಒಂದೇ ಒಂದು ಶೌಚಾಲಯಕ್ಕೆ ಬೀಗ, ಬೀಗದ ಕೈ ಕಟ್ಟಡದ ಮಾಲೀಕರ ಹತ್ತಿರ, ಮಾಲೀಕರು ಹುಬ್ಬಳ್ಳಿಯಲ್ಲಿ. "ನೀರು ಕುಡ್ದು ಎಲ್ಲಿಗೆ ಹೋಗೂದು? ಮನೆಗೆ ಬಂದ್ಮೇಲೆ ಕುಡಿತೆ, ಬಿಡು."

ನನಗೆ ನೀರು ಕುಡಿ ಎಂದು ದಿನಾ ಬೈಯುವವಳು.

ಆದಕಾರಣ, ಮಾನ್ಯರೇ, ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ಅಮ್ಮ ಹೊಟ್ಟೆ ತುಂಬ ನೀರು ಕುಡಿಯುವಂತೆ ತಾವು ಒತ್ತಾಯಿಸಬೇಕು, ಅವಳು ಕುಡಿದ ಮೇಲೂ ಕೆಂಪು ದೀಪವನ್ನೇ ಹೊತ್ತಿಸಿ ಸುಳ್ಳುಗಾರರೆಂದು ಸಾಬೀತಾಗಬೇಕು, ಹಾಗೂ ಬರುವ ಭಾನುವಾರದೊಳಗೆ ಹುಬ್ಬಳ್ಳಿಗೆ ಉರುಳಿಕೊಂಡು ಹೋಗಿ ಆ ಬೀಗದ ಕೈ ತರಬೇಕು. ಕೊನೆಯ ಎರಡೂ ಆಗದೆಂದಾದರೆ, ಅಮ್ಮ ಕುಡಿದಾಗ ಹಸಿರನ್ನೇ ಹೊತ್ತಿಸಿ; ತಾವು ಹೇಳಿದ್ದು ಖರೆಯೆಂದಾಗಿ ನಾನು ಮನೆಗೆ ಹೋಗಬೇಕಾದರೂ ಸರಿ, ಸಂಧ್ಯಾಳಿಗೆ ಹೇಗೋ ಹೇಳಿಕೊಳ್ಳುತ್ತೇನೆ. ಸಂಜೆಯ ಬಸ್ಸಿಳಿದು ಅಂಗಡಿಯಲ್ಲಿ ಕೂರಲು ಒಬ್ಬಳು ಇದ್ದರೆ ಅಮ್ಮ ಒಂದು ಗಳಿಗೆ ಎದ್ದು ಮನೆಗೆ ಹೋಗಿ ಬರಬಹುದು ಎಂಬ ಯೋಚನೆ ನಿನ್ನೆಯಿಂದ ನನ್ನನ್ನು ಕಾಡುತ್ತಿದೆ. ಈ ಯೋಚನೆ ನನ್ನ ತಲೆಗೆ ಬಂದದ್ದಕ್ಕೂ ನಾನು ತಮ್ಮನ್ನೇ ದೂರುತ್ತೇನೆ.

ತಮ್ಮ ಮೇಲೆ ವಿಶ್ವಾಸವಿಡದೆ ಬೇರೆ ದಾರಿಯಿಲ್ಲದ
ತಮ್ಮ ವಿಶ್ವಾಸಿ,
ಹರಿಣಿ

ತಾ.ಕ.: ಈ ಪತ್ರದ ಒಂದು ಪ್ರತಿಯನ್ನು ಕಟ್ಟಡದ ಮಾಲೀಕರಿಗೂ ಕಳಿಸುತ್ತಿದ್ದೇನೆ. ಅವರು ದೊಡ್ಡ ಮನಸ್ಸು ಮಾಡಿ ಒಂದು ದಿನ ಅಂಕೋಲೆಗೆ ಬಂದು, ತಮ್ಮಿಂದ ಮೂರು ಬಾಟಲಿ ನೀರು ಕುಡಿದು, ಬೆಳಗಿನಿಂದ ಸಂಜೆಯವರೆಗೆ ಅಮ್ಮನ ಕುರ್ಚಿಯಲ್ಲಿ ಕೂತು ತೋರಿಸಿದರೆ, ಅವರಿಗೂ ಆ ಕಿರೀಟದ ಚಿತ್ರ ಕಳಿಸಲು ಮರೆಯಬೇಡಿ. ಅದಿರಲಿ. ಈಗ ಗುರುವಾರ ಮಧ್ಯಾಹ್ನ. ನನ್ನ ಫೋನು ಬೆಳಗಿನಿಂದ ಸುಮ್ಮನಿದೆ. ಅಮ್ಮ ಇವತ್ತು ನೀರು ಕುಡಿದಳಾ? ದಯವಿಟ್ಟು ಬೇಗ ತಿಳಿಸಿ.