ಲಿನಕ್ಸ್ ಆರಿಸಿದ ಮದುವೆ ಆಲ್ಬಂ

"ಒಂದೇ ಸಾಲು!" ಎಂದು ನಾನು ಬೆರಳೆತ್ತಿ ಹೆಂಡತಿಗೆ ಹೇಳಿದೆ. "ಒಂದೇ ಒಂದು ಸಾಲು ಬರ್ದು ಎಂಟರ್ ಒತ್ತಿದ್ರೆ ಆಯ್ತು ಶೋಭಾ. ನೀನು ಕಾಫಿ ಬೆರೆಸ್ಕೊಂಡು ಬರೋಷ್ಟರಲ್ಲಿ ಎಲ್ಲಾ ಫೋಟೋನೂ ಬೇರೆ ಆಗಿರುತ್ತೆ."

ಶೋಭಾ ಕಾಫಿ ಬೆರೆಸಿ ತಂದಳು. ಆಮೇಲೆ ಲೋಟ ತೊಳೆದಿಟ್ಟಳು. ಆಮೇಲೆ ಗಣೇಶನ ಹಬ್ಬ ಮುಗಿಯಿತು, ದಸರಾ ಹತ್ತಿರ ಬಂತು. ನನ್ನ ಸಾಲು ಮಾತ್ರ ಮುಗಿಯಲಿಲ್ಲ!

ವಿಷಯ ನಮ್ಮ ಮಗಳು ಚೈತ್ರಾಳ ಮದುವೆ ಆಲ್ಬಮ್ಮಿನದು. ಮದುವೆ ಬೇಸಿಗೆಯಲ್ಲೇ ಆಗಿತ್ತು. ಬನಶಂಕರಿಯ ಸ್ಟುಡಿಯೋದ ಫೋಟೋಗ್ರಾಫರ್ ರಮೇಶ್, ತೆಗೆದ ಸಾವಿರಾರು ಫೋಟೋಗಳನ್ನೂ ಒಂದು ಹಾರ್ಡ್‌ಡಿಸ್ಕಿಗೆ ತುಂಬಿ ನನ್ನ ಕೈಗಿತ್ತು, "ಬೇಕಾಗಿರೋದನ್ನ ಆರ್ಸಿ, ಇದೇ ಡಿಸ್ಕಲ್ಲಿ ಬೇರೆ ಫೋಲ್ಡರ್ ಮಾಡಿ ಕೊಡಿ ಸಾರ್. ಕೊಟ್ಟ ಹದಿನೈದು ದಿನಕ್ಕೆ ಆಲ್ಬಂ ಗ್ಯಾರಂಟಿ" ಎಂದಿದ್ದ. ಆರಿಸುವ ಜವಾಬ್ದಾರಿ ಹೆಣ್ಣಿನ ಕಡೆಯವರದು. ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಮಗು ಸ್ಕೂಲಿಗೆ ಸೇರಿದರೂ ಅಪ್ಪ ಅಮ್ಮನ ಮದುವೆ ಆಲ್ಬಂ ಇನ್ನೂ ಬಾರದ ಮನೆಗಳು ಕತ್ರಿಗುಪ್ಪೆಯ ನಮ್ಮ ಬೀದಿಯಲ್ಲೇ ಎರಡಿವೆ.

ಆದರೆ ನಮಗೆ ಅಷ್ಟು ಪುರುಸೊತ್ತಿರಲಿಲ್ಲ. ಜೆ.ಪಿ. ನಗರದ ಅತ್ತೆಮನೆಯಿಂದ ಚೈತ್ರಾ ತಗ್ಗಿದ ದನಿಯಲ್ಲಿ ಫೋನ್ ಮಾಡುತ್ತಿದ್ದಳು. "ಅಪ್ಪಾ, ಮನೆಗೆ ಯಾರೇ ಬರ್ಲಿ, 'ಆಲ್ಬಂ ತೋರಿಸೋಣ ಅಂದ್ರೆ ಇವಳಪ್ಪ ಇನ್ನೂ ಆರಿಸ್ತಾನೇ ಇದಾರೆ' ಅಂತಾರೆ ಅತ್ತೆ. ಬಂದೋರೆಲ್ಲ ತಿರುಗಿ ನನ್ನ ಮುಖ ನೋಡ್ತಾರೆ. ದೀಪಾವಳಿಗೆ ನೀವು ಕೊಡ್ಲೇಬೇಕು. ಇಲ್ದಿದ್ರೆ ನಾನು ಈ ಮನೇಲಿ ತಲೆ ಎತ್ತೋ ಹಾಗಿಲ್ಲ."

ಮದುವೆಯಾದ ಮೊದಲ ದೀಪಾವಳಿಗೆ ಅಳಿಯ, ಬೀಗರು, ಬೀಗಿತ್ತಿ ಮೂವರೂ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಬೀಗಿತ್ತಿ ರಾಜೇಶ್ವರಿಯವರು ಬಲು ಅಚ್ಚುಕಟ್ಟಿನವರು. ಫೋಟೋಗೆ ನಿಲ್ಲುವ ಮುಂಚೆ ತಮ್ಮ ನೆರಿಗೆ ಸರಿಮಾಡಿಕೊಂಡು, ಪಕ್ಕದವರ ನೆರಿಗೆಯನ್ನೂ ಸರಿಮಾಡಿ, ಆಮೇಲೆ ಕ್ಯಾಮೆರಾದವನಿಗೆ ಅಪ್ಪಣೆ ಕೊಡುವಂಥವರು. ಅಂಥವರ ಕೈಗೆ ಆಲ್ಬಂ ಇಡಬೇಕು. ಮಗಳ ಮರ್ಯಾದೆ ಅದರ ಮೇಲೆ ನಿಂತಿತ್ತು.

ಹಾಗೆ ನೋಡಿದರೆ ನನ್ನ ಪಾಲಿಗೆ ಕೆಲಸವೇ ಇರಲಿಲ್ಲ. ಮಗಳು, ಅಳಿಯ ಕೂತು ಬೇಕಾದ ಫೋಟೋಗಳ ನಂಬರುಗಳನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಆ ನಂಬರಿನವನ್ನು ಎತ್ತಿ ಬೇರೆ ಫೋಲ್ಡರಿಗೆ ಹಾಕಬೇಕು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಒಂದೊಂದಾಗಿ ಎಳೆದು ಹಾಕಿ ಸಂಜೆ ವಾಕಿಂಗಿಗೆ ಹೋಗುತ್ತಿದ್ದರು. ನಾನು ಬೇರೆ ಯಾರೋ ಅಲ್ಲವಲ್ಲ! ನಿವೃತ್ತನಾದ ಮೇಲೆ ವಿಡಿಯೋ ನೋಡಿ ನೋಡಿ ಲಿನಕ್ಸ್ ಕಲಿತವನು ನಾನು.

ಓದುಗರ ಅವಗಾಹನೆಗೆ ಒಂದು ಮಾತು. ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ ಇದೆ. ಅದರೊಳಗೇ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನೂ ಕೂರಿಸಿಕೊಂಡಿದ್ದೇನೆ. ಕೆಳಗೆ ಓನರ್, ಮಹಡಿಯಲ್ಲಿ ಬಾಡಿಗೆದಾರ ಇದ್ದ ಹಾಗೆ. ಓನರ್ ವಿಂಡೋಸ್ ಒಂದೊಂದಕ್ಕೂ ಮೌಸ್ ಹಿಡಿದು ಒದ್ದಾಡುವವನು. ಮಹಡಿಯ ಲಿನಕ್ಸ್ ಮಾತ್ರ ಒಂದು ಸಾಲು ಬರೆದುಕೊಟ್ಟರೆ ನೂರು ಕೆಲಸ ಮಾಡುವವನು. ಹೀಗೆಂದು ವಿಡಿಯೋದಲ್ಲಿ ಹೇಳಿದ್ದರು.

ಡಿಸ್ಕಿನ ವೈರನ್ನು ಕಂಪ್ಯೂಟರಿಗೆ ಚುಚ್ಚಿದೆ. ಕೆಳಗಿನ ವಿಂಡೋಸ್ ತಕ್ಷಣ 'ಇ ಡ್ರೈವ್' ಎಂದು ತೋರಿಸಿತು. ಮಹಡಿಗೆ ಹೋಗಿ ಲಿನಕ್ಸನ್ನು ಕೇಳಿದೆ. ಅಂಥದ್ದೇನೂ ಇಲ್ಲ ಎಂದಿತು! ಕೆಳಗೆ ಓನರ್ ನೆಂಟರನ್ನು ಸೋಫಾದಲ್ಲಿ ಕೂರಿಸಿ ಮಾತಾಡಿಸುತ್ತಿದ್ದಾನೆ, ಮೇಲಿನವನಿಗೆ ನೆಂಟರು ಬಂದಿರುವ ಸುದ್ದಿಯೇ ಇಲ್ಲ.

ಕಿತ್ತು ಮತ್ತೆ ಚುಚ್ಚಿದೆ. ಇಲ್ಲ. ತೂತಿಗೆ ಬಾಯಿಂದ ಊದಿ ಚುಚ್ಚಿದೆ. ಇಲ್ಲ. ಹಿಂಬದಿಯ ತೂತು ಒಳ್ಳೆಯದೆಂದು ಯಾರೋ ಬರೆದಿದ್ದರು. ಮೇಜಿನ ಕೆಳಗೆ ತೆವಳಿ ಹೋಗಿ ಚುಚ್ಚಿ, ಎದ್ದೇಳುವಾಗ ಮೇಜಿಗೆ ತಲೆ ಹೊಡೆಸಿಕೊಂಡೆ. ಲಿನಕ್ಸ್ ಅದಕ್ಕೂ ಕರಗಲಿಲ್ಲ. ಕಂಪ್ಯೂಟರನ್ನೇ ಆಫ್ ಮಾಡಿ ಮತ್ತೆ ಹಚ್ಚಿದೆ. ಈ ಸಲ ವಿಂಡೋಸ್ ಅದೇ ಡಿಸ್ಕನ್ನು 'ಎಫ್' ಎನ್ನತೊಡಗಿತು. ಏಕೆಂದರೆ ವಚನಗಳ ಹಾಡು ತುಂಬಿಟ್ಟಿದ್ದ ಪೆನ್‌ಡ್ರೈವ್ ಹೋಗಿ 'ಇ' ಜಾಗದಲ್ಲಿ ಕೂತುಬಿಟ್ಟಿತ್ತು! ಬೆಳಿಗ್ಗೆ ಒಂದು ಹೆಸರು, ಮಧ್ಯಾಹ್ನ ಒಂದು ಹೆಸರು. ನನಗೆ ಸಿಟ್ಟು ನೆತ್ತಿಗೇರಿತು.

"ಯಾರ ಜೊತೆ ರೀ ಜಗಳ?" ಎಂದು ಶೋಭಾ ಅಡುಗೆಮನೆಯಿಂದ ಬಂದಳು.

"ಡಿಸ್ಕ್ ಜೊತೆ."

"ಒಂದೊಂದೇ ಎಳೆದು ಹಾಕಿದ್ರೆ ಅರ್ಧ ದಿನದ ಕೆಲ್ಸ ಕಣ್ರೀ. ನಾನು ಮಾಡ್ಲಾ?"

"ಅದು ಗುಮಾಸ್ತರ ಕೆಲಸ!" ಎಂದೆ. ನಿವೃತ್ತಿಯಾಗುವವರೆಗೂ ನಾನು ಗುಮಾಸ್ತನೇ ಆಗಿದ್ದೆ ಎಂಬುದನ್ನು ಅವಳು ನೆನಪಿಸಲಿಲ್ಲ. ಅದು ಅವಳ ದೊಡ್ಡ ಗುಣ.

ಒಂದು ಮಧ್ಯಾಹ್ನ ನಾನು ಸೋತು ಮಲಗಿದ್ದಾಗ ಅವಳೇ ಕಂಪ್ಯೂಟರಿನ ಮುಂದೆ ಕೂತಳಂತೆ. ಕಣ್ಣು ಮುಚ್ಚಿದವರು, ಬಾಯಿ ತೆರೆದವರು, ಬರೀ ಬೆನ್ನು ಬಿದ್ದಿರುವುದು, ಇಂಥ ಕೆಟ್ಟ ಫೋಟೋಗಳನ್ನೆಲ್ಲ ಮೌಸಿನಲ್ಲಿ ಎಳೆದು, ಡಿಸ್ಕಿನಲ್ಲೇ ಒಂದು ಹೊಸ ಫೋಲ್ಡರಿಗೆ ಹಾಕಿದಳಂತೆ. ನಾನು ಎದ್ದ ಮೇಲೆ, "ಕೆಟ್ಟದ್ದೆಲ್ಲ ಒಂದು ಕಡೆ ಎತ್ತಿಟ್ಟಿದೀನಿ, ನಿಮ್ಗೆ ಸುಲಭ ಆಗುತ್ತೆ" ಎಂದೂ ಹೇಳಿದಳಂತೆ. ನಾನು 'ಹ್ಞೂಂ' ಎಂದೆನಂತೆ. ಇಷ್ಟೊಂದು 'ಅಂತೆ' ಏಕೆಂದರೆ, ಆ ಹೊತ್ತಿನಲ್ಲಿ ನಾನು ಇಂಟರ್ನೆಟ್ಟಿನಲ್ಲಿ ಯಾರೋ ಮಹಾನುಭಾವ ಬರೆದ ಪರಿಹಾರವನ್ನು ಓದುತ್ತಿದ್ದೆ. ನನ್ನ ಕಿವಿ ಕೆಲಸ ಮಾಡುತ್ತಿರಲಿಲ್ಲ.

ಪರಿಹಾರ ಬಹಳ ಸರಳವಾಗಿತ್ತು. ಮೊದಲು ಮಹಡಿಯಲ್ಲಿ ಡಿಸ್ಕಿನ ಹೆಸರಿಟ್ಟು ಒಂದು ಖಾಲಿ ಫೋಲ್ಡರ್ ಮಾಡಬೇಕು. ಆಮೇಲೆ ಇನ್ನೊಂದು ಆಜ್ಞೆ ಕೊಟ್ಟು ನಿಜವಾದ ಡಿಸ್ಕನ್ನು ಆ ಫೋಲ್ಡರಿಗೆ ಜೋಡಿಸಬೇಕು. ಮೊದಲನೆಯದನ್ನು ಮಾಡಿದೆ. ಎರಡನೆಯದಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಬೆಲ್ ಆಯಿತು.

ಗ್ಯಾಸ್ ಸಿಲಿಂಡರ್!

"ಓಟಿಪಿ ಹೇಳಿ ಅಂಕಲ್" ಎಂದ ಗೇಟಿನ ಹತ್ತಿರ ನಿಂತವನು. ಮೊಬೈಲ್ ಎಲ್ಲೋ ಇತ್ತು. ಸಿಕ್ಕಿದ ಮೇಲೆ ಕನ್ನಡಕ ಎಲ್ಲೋ ಇತ್ತು. ಅದೂ ಸಿಕ್ಕಿ ಓಟಿಪಿ ಹೇಳಿದರೆ, "ಇದು ಹೋದ ತಿಂಗಳದ್ದು ಅಂಕಲ್" ಎಂದ. ಅವನನ್ನು ಕಳಿಸಿ, ಸಿಲಿಂಡರ್ ಉರುಳಿಸಿಕೊಂಡು ಹೋಗಿ ಅಡುಗೆಮನೆಗೆ ಮುಟ್ಟಿಸಿ, ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತೆ. ಖಾಲಿ ಫೋಲ್ಡರ್ ನನ್ನನ್ನೇ ನೋಡುತ್ತಿತ್ತು. ಜೋಡಿಸುವ ಕೆಲಸವೂ ಮುಗಿದಿದೆ ಎಂದುಕೊಂಡು, ವಿಂಡೋಸಿನ ಮೂಲಕ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಫೋಟೋಗಳಿಂದ ನಂಬರಿನವನ್ನು ಎತ್ತಿ ಡಿಸ್ಕಿಗೆ ಹಾಕುವ ಆ ಒಂದು ಸಾಲನ್ನು ಬರೆದೆ. ಎಂಟರ್!

ಪರದೆಯ ಮೇಲೆ ಫೋಟೋಗಳ ನಂಬರುಗಳು ಸಾಲಾಗಿ ಓಡಿದವು. "ಶೋಭಾ! ಬಾ ಇಲ್ಲಿ! ನೋಡು!" ಎಂದು ಕೂಗಿದೆ. ಸೌಟು ಹಿಡಿದೇ ಬಂದು ನೋಡಿದಳು. "ಓಡ್ತಾ ಇದೆ" ಎಂದಳು, ಅವಳ ಮಟ್ಟಿಗೆ ಅದು ಪ್ರಶಂಸೆಯೇ. ಲಿನಕ್ಸಿನಲ್ಲೇ ಎಣಿಸಿ ನೋಡಿದೆ. ಮಗಳು ಕೇಳಿದ ಫೋಟೋಗಳು ಒಂದೂ ಬಿಡದೆ ಕೂತಿದ್ದವು. ಮಗಳಿಗೆ ಫೋನ್ ಮಾಡಿ, "ನಿಮ್ಮತ್ತೆಗೆ ಹೇಳು, ಆಯ್ತು ಅಂತ" ಎಂದೆ. ಆ ಕ್ಷಣದಲ್ಲಿ ನನಗಾದ ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಡಿಸ್ಕನ್ನು ಸ್ಟುಡಿಯೋಗೆ ತೆಗೆದುಕೊಂಡು ಹೋಗಿ, "ರಾಶಿ ಬಿಟ್ಟು ಬೇರೆ ಒಂದು ಫೋಲ್ಡರ್ ಇದೆ, ನೋಡಿ. ಅದರಲ್ಲಿರೋದು ಪೂರ್ತಿ ಹಾಕಿ" ಎಂದೆ.

ರಮೇಶ್ ತನ್ನ ಕಂಪ್ಯೂಟರಿಗೆ ಹಾಕಿ ನೋಡಿದ. "ಹೌದು ಸಾರ್, ಒಂದು ಇದೆ. ಡಿಸೈನ್ ಆದ್ಮೇಲೆ ಒಂದ್ಸಲ ಕಳಿಸ್ಲಾ, ನೋಡ್ತೀರಾ?"

"ಬೇಡ. ಟೈಮಿಲ್ಲ. ನಾನು ಲಿನಕ್ಸಲ್ಲಿ ಮಾಡಿದ್ದು, ತಪ್ಪಾಗೋ ಪ್ರಶ್ನೇನೇ ಇಲ್ಲ. ನೇರ ಪ್ರಿಂಟ್ ಮಾಡಿ!"

ದೀಪಾವಳಿಯ ಹಿಂದಿನ ದಿನ ಆಲ್ಬಂ ಬಂತು. ಮಖಮಲ್ಲು ಹೊದಿಸಿದ ಪೆಟ್ಟಿಗೆ, ಮೇಲೆ ರಿಬ್ಬನ್. ಬಿಚ್ಚಿ ನೋಡೋಣವೆಂದೆ. "ಬೀಗಿತ್ತಿ ಕೈಯಿಂದಾನೇ ಬಿಚ್ಚಿಸೋಣ, ಅವರಿಗೂ ಸಂತೋಷ" ಎಂದು ಶೋಭಾ ಅದಕ್ಕೆ ವಿಭೂತಿ ಮುಟ್ಟಿಸಿ ದೇವರ ಮುಂದೆ ಇಟ್ಟಳು.

ಹಬ್ಬದ ಊಟ ಮುಗಿಯಿತು. ಎಲ್ಲರೂ ಹಾಲಿನಲ್ಲಿ ಕೂತರು. ಚೈತ್ರಾ ತಾನೇ ಪೆಟ್ಟಿಗೆ ತಂದು ಅತ್ತೆಯ ತೊಡೆಯ ಮೇಲೆ ಇಟ್ಟಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಆ ಗೆಲುವು ನೋಡಿದೆ. ರಾಜೇಶ್ವರಿಯವರು ಕನ್ನಡಕ ಹಾಕಿಕೊಂಡು, ರಿಬ್ಬನ್ ಬಿಚ್ಚಿ, ಮೊದಲ ಪುಟ ತೆರೆದರು.

ಎರಡು ಪುಟಕ್ಕೂ ಸೇರಿ ಒಂದೇ ಫೋಟೋ. ರಾಜೇಶ್ವರಿಯವರದೇ. ಒಂದು ಕಣ್ಣು ಮುಚ್ಚಿದೆ, ಬಾಯಿ ಪೂರ್ತಿ ತೆರೆದಿದೆ, ಅರ್ಧ ಹೋಳಿಗೆ ಒಳಗೆ, ಅರ್ಧ ಹೊರಗೆ. ಕೆಳಗೆ ಬಂಗಾರದ ಅಕ್ಷರದಲ್ಲಿ 'ಮಧುರ ಕ್ಷಣಗಳು'!

ಅವರು ಪುಟ ಮಗುಚಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಬಿಟ್ಟು ನಿದ್ದೆ ಹೊಡೆಯುತ್ತಿರುವ ಬೀಗರು. ಡಿಸೈನ್ ಮಾಡಿದ ಪುಣ್ಯಾತ್ಮ ಅವರ ಸುತ್ತ ಗುಲಾಬಿ ದಳ ಉದುರಿಸಿದ್ದ. ಮುಂದಿನ ಪುಟದಲ್ಲಿ, ಹೃದಯದ ಆಕಾರದ ಚೌಕಟ್ಟಿನೊಳಗೆ, ಮದುಮಗಳು ಸೀನುತ್ತಿದ್ದಳು. ಮಾಂಗಲ್ಯ ಕಟ್ಟುವ ಪುಟದಲ್ಲಿ ಮಾಂಗಲ್ಯವೂ ಇರಲಿಲ್ಲ, ಗಂಡೂ ಇರಲಿಲ್ಲ. ಪುಟದ ತುಂಬ ಒಂದು ಅಗಲವಾದ ಬಿಳಿ ಅಂಗಿಯ ಬೆನ್ನು. ಆ ಬೆನ್ನು ನನ್ನದು!

ನಾನು ಬಾಲ್ಕನಿಗೆ ಓಡಿ ರಮೇಶನಿಗೆ ಫೋನ್ ಮಾಡಿದೆ. "ಏನ್ರೀ ಇದು? ಯಾವ ಫೋಟೋ ಹಾಕಿದೀರಾ?"

"ನೀವು ಹೇಳಿದ್ದೇ ಸಾರ್. 'ನ್ಯೂ ಫೋಲ್ಡರ್' ಅಂತ ಇತ್ತಲ್ಲ, ಅದೊಂದೇ ಇದ್ದಿದ್ದು."

"ನೋಡಿದ್ರೆ ಗೊತ್ತಾಗಲ್ವೇನ್ರೀ ನಿಮಗೆ?"

"ಕ್ಯಾಂಡಿಡ್ ಅನ್ಕೊಂಡೆ ಸಾರ್, ಪೋಸ್ ಕೊಡದೆ ಇರೋದು. ಈಗ ಅದೇ ಟ್ರೆಂಡು. ಸಖತ್ತಾಗಿದೆ ಅಂದ್ರು ಡಿಸೈನ್ ಮಾಡೋರು."

ಒಳಗೆ ಬಂದು ತಗ್ಗಿದ ದನಿಯಲ್ಲಿ ವಿಷಯ ಹೇಳಿದೆ. ಶೋಭಾ ತಲೆ ಚಚ್ಚಿಕೊಂಡಳು. "ನ್ಯೂ ಫೋಲ್ಡರ್ ನಾನು ಮಾಡಿದ್ದು ಕಣ್ರೀ! ಕೆಟ್ಟದ್ದು ಎತ್ತಿಟ್ಟಿದೀನಿ ಅಂತ ಹೇಳ್ಲಿಲ್ವಾ ನಾನು? ನಿಮ್ಮದು ಎಲ್ಲಿ ಹೋಯ್ತು?"

ನನ್ನದು ಎಲ್ಲಿ ಹೋಯಿತು ಎಂದು ತೋರಿಸಲು ಎಲ್ಲರನ್ನೂ ಕಂಪ್ಯೂಟರಿನ ಮುಂದೆ ಕರೆದೊಯ್ದೆ. ಬೀಗರು, ಬೀಗಿತ್ತಿ, ಅಳಿಯ, ಮಗಳು, ಹೆಂಡತಿ ನನ್ನ ಬೆನ್ನ ಹಿಂದೆ ನಿಂತರು. ಲಿನಕ್ಸ್ ತೆರೆದೆ. ಇದ್ದವು, ಎಲ್ಲವೂ ಇದ್ದವು! ಡಿಸ್ಕಿನ ಹೆಸರಿಟ್ಟ ಆ ಫೋಲ್ಡರಿನಲ್ಲಿ. ಆದರೆ ಅದಕ್ಕೆ ಡಿಸ್ಕನ್ನು ಜೋಡಿಸಿಯೇ ಇರಲಿಲ್ಲ. ಗ್ಯಾಸಿನವನು ಬಂದಾಗ ನಿಂತ ಎರಡನೆಯ ಹೆಜ್ಜೆ ಅಲ್ಲೇ ನಿಂತಿತ್ತು. ಹೆಸರು ಡಿಸ್ಕಿನದು, ಜಾಗ ಲಿನಕ್ಸಿನ ಸ್ವಂತದ್ದು. ಫೋಟೋಗಳು ಈ ಮೇಜು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ನಾನು ಇದನ್ನು ಓನರ್, ಬಾಡಿಗೆದಾರ ಎಂದು ಉದಾಹರಣೆ ಸಮೇತ ವಿವರಿಸತೊಡಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಬೀಗರೇ," ಎಂದರು ರಾಜೇಶ್ವರಿಯವರು, ಆಲ್ಬಂ ಇನ್ನೂ ಅವರ ಕೈಯಲ್ಲೇ ಇತ್ತು. "ಇಷ್ಟು ತಿಂಗಳಿಂದ ನೀವು ಆರಿಸ್ತಿದ್ದಿದ್ದು ಇದನ್ನಾ?"

ಈ ಮಾತನ್ನು ಇನ್ನು ಮುಂದೆ ನನ್ನ ಮಗಳು ಆ ಮನೆಯಲ್ಲಿ ದಿನಾ ಕೇಳಬೇಕಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಚೈತ್ರಾಳ ಕಡೆ ನೋಡುವ ಧೈರ್ಯವೂ ಬರಲಿಲ್ಲ.

ಮಾತಾಡಿದ್ದು ಅವಳೇ. ಅತ್ತೆಯ ಕೈಯಿಂದ ಆಲ್ಬಂ ತೆಗೆದುಕೊಂಡು, ಮುಚ್ಚಿ, ನಿಟ್ಟುಸಿರು ಬಿಟ್ಟು ಹೇಳಿದಳು: "ಸದ್ಯ ಅತ್ತೆ, ಗಂಡು ಆರಿಸಿದ್ದು ಅಮ್ಮ. ಅಪ್ಪಂಗೆ ಬಿಟ್ಟಿದ್ರೆ ನಾನು ಇವತ್ತು ಯಾವ ಮನೇಲಿ ಇರ್ತಿದ್ನೋ!"

ರಾಜೇಶ್ವರಿಯವರು ಸೊಸೆಯ ಕಡೆ ತಿರುಗಿದರು. ಆಮೇಲೆ ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೊಸೆಯ ಭುಜದ ಮೇಲೆ ಕೈ ಹಾಕಿ, "ಅಯ್ಯೋ, ನಿಜ ಕಣೇ!" ಎಂದರು. ಬೀಗರು ನಕ್ಕರು. ಅಳಿಯ ನಕ್ಕ. ಎಲ್ಲರಿಗಿಂತ ಜೋರಾಗಿ ನನ್ನ ಧರ್ಮಪತ್ನಿ ನಕ್ಕಳು. ಅತ್ತೆ ಸೊಸೆ ಕೈ ಕೈ ಹಿಡಿದುಕೊಂಡು ಹಾಲಿಗೆ ಹೋದರು. ಹೊಸ ಆಲ್ಬಮ್ಮಿನ ಫೋಟೋಗಳನ್ನು ತಾವಿಬ್ಬರೇ ಕೂತು ಆರಿಸುವುದೆಂದು ದಾರಿಯಲ್ಲೇ ತೀರ್ಮಾನವಾಯಿತು. ನಾನು ಕಂಪ್ಯೂಟರ್ ಮುಟ್ಟಕೂಡದೆಂಬುದು ಅದರ ಮೊದಲ ಷರತ್ತು!

ಮದುವೆಯಲ್ಲಿ ಕೈಲಾದದ್ದನ್ನೆಲ್ಲ ಕೊಟ್ಟಿದ್ದೆ. ಕೊಡದೆ ಉಳಿಸಿಕೊಂಡಿದ್ದು ನನ್ನ ಮರ್ಯಾದೆ ಒಂದೇ. ದೀಪಾವಳಿಗೆ ಅದನ್ನೂ ತಾಂಬೂಲದ ಜೊತೆ ಇಟ್ಟು ಕಳಿಸಿದೆ.