ಬಾಗಿಲು ಕಿತ್ತ ಮಾವ

ನಿಜಾಮರ ಮೇಲಿನ ಪೊಲೀಸ್ ಕಾರ್ಯಾಚರಣೆಯ ಹಿಂದಿನ ವರ್ಷ, ಸುಗ್ಗಿಯಲ್ಲಿ, ಮಸ್ಕಿಯ ನನ್ನ ಸೋದರಮಾವ ತಮ್ಮ ಮನೆಯ ಬಾಗಿಲು ಕಿತ್ತು ಹೊಲಕ್ಕೆ ಹೊತ್ತೊಯ್ದರು. ಕಳ್ಳರು ಬಾಗಿಲು ಬಿಟ್ಟು ಉಳಿದದ್ದನ್ನು ಒಯ್ಯುತ್ತಾರೆ. ಮಾವ ಉಳಿದದ್ದನ್ನು ಬಿಟ್ಟು ಬಾಗಿಲು ಒಯ್ದರು!

ಕಾರಣ ಗಣಿತ. ತಾಯಿಯಿಲ್ಲದ ಅವರ ಒಬ್ಬಳೇ ಮಗಳಿಗೆ ಅದರಲ್ಲಿ ವಿಪರೀತ ಬುದ್ಧಿ. ಲಿಂಗಸುಗೂರಿನ ಶಾಲೆಯವರು ಪರೀಕ್ಷೆ ಮಾಡಿಯೇ ಸೇರಿಸಿಕೊಳ್ಳುತ್ತಿದ್ದರು. ಊರಲ್ಲಿ ಕರಿಹಲಗೆಯಿರಲಿ, ಬಳಪಕ್ಕೂ ಬರ. ಮಾವನಿಗೆ ಕಂಡದ್ದು ತೆನೆ ತುಳಿಸುವ ಕಣ: ಸೆಗಣಿ ಸಾರಿಸಿದ ದುಂಡು ನೆಲ, ನಡುವೆ ಎತ್ತು ಕಟ್ಟುವ ಮೇಟಿ ಕಂಬ. ಇಷ್ಟು ದೊಡ್ಡ ಹಲಗೆ ನಿಜಾಮರ ಅರಮನೆಯಲ್ಲಾದರೂ ಇತ್ತೆ?

ಮಗಳು ಮೇಟಿಗೆ ಹಗ್ಗ ಕಟ್ಟಿ ವೃತ್ತ ಎಳೆದಳು. ಮೇಟಿಯ ಮೂಲಕ ಅಂಚಿನಿಂದ ಅಂಚಿಗೆ ಒಂದು ಗೆರೆ. ಅಂಚಿನ ಮೇಲೆ ಎಲ್ಲಿಯೇ ನಿಂತು ಗೆರೆಯ ಎರಡು ತುದಿಗೂ ಹಗ್ಗ ಎಳೆದರೂ ಎರಡು ಹಗ್ಗಗಳ ನಡುವೆ ಬಾಗಿಲ ಲಂಬಕೋನದ ಮೂಲೆ ಸರಿಯಾಗಿ ಕೂತಿತು.

ತೆನೆ ಹೊತ್ತು ನಿಂತಿದ್ದ ಪಾಲುದಾರ ಗೊಣಗಿದ: "ಅಣ್ಣಾರ, ಮಾಡ ಆಗೇತಿ, ಮಳಿ ಬಂದೀತು. ತೆನಿ ಹಾಕಾಕ ಬಿಡ್ತೀರೋ ಇಲ್ಲೋ?"

"ತಡಿಯೋ. ಹುಡುಗಿ ಲೆಕ್ಕದಾಗ ಅದಾಳ."

"ನಿಮ್ಮ ಲೆಕ್ಕ ನಮ್ಮ ಎತ್ತಿಗೆ ತಿಳಿಯಂಗಿಲ್ರೀ!"

"ನಿನಗ ತಿಳೀಲಿ. ಎತ್ತಿಗೆ ನೀನೇ ಹೇಳು."

ಅತ್ತ ಬಾಗಿಲಿಲ್ಲದ ಮನೆಗೆ ಆಡು ನುಗ್ಗಿ ರೊಟ್ಟಿ ಬುಟ್ಟಿ ಖಾಲಿ ಮಾಡಿತು. ಮಾವ ಆಡನ್ನು ಬಯ್ಯಲಿಲ್ಲ. ಬಾಗಿಲನ್ನು ತಿರುಗಿ ಕೂಡಿಸಲೂ ಇಲ್ಲ.

ಬಂಡಿ ಕಟ್ಟಿಕೊಂಡು ಲಿಂಗಸುಗೂರಿಗೆ ಹೋದಾಗ ನಾನೂ ಜೊತೆಗಿದ್ದೆ. ಮಾಸ್ತರರು ಮೇಜಿನ ಮೇಲೆ ಕೈವಾರ ಇಟ್ಟು, "ಬೇಟಿ, ಒಂದು ದಾಯಿರಾ ತೆಗಿ. ದುಂಡನ ಗೆರಿ" ಎಂದರು. ಹುಡುಗಿ ಅಂಥದ್ದನ್ನು ಕಂಡಿರಲಿಲ್ಲ. ಮುಳ್ಳು ಕೀಳುವ ಚಿಮಟವೆಂದುಕೊಂಡಳು.

"ಮುಳ್ಳು ಯಾರಿಗೆ ನಟ್ಟೇತ್ರೀ?"

ಮಾಸ್ತರರು ನಕ್ಕರು. ಮಾವ ಬಂಡಿಯ ಕಡೆ ನೋಡಿದರು. ಮಗಳನ್ನು ಅದರಲ್ಲೇ ಹಿಂದಕ್ಕೆ ಕರೆದೊಯ್ಯಬೇಕಾದೀತೆ? ಹುಡುಗಿ ಮಾತ್ರ ಜಡೆಯ ಲಾಡಿ ಬಿಚ್ಚಿದಳು. ಒಂದು ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದಕ್ಕೆ ಪೆನ್ಸಿಲ್ ಕಟ್ಟಿ ವೃತ್ತ ಎಳೆದಳು. ಕಣದಲ್ಲಿ ಕಂಡದ್ದನ್ನೆಲ್ಲ ಅದರಲ್ಲಿ ತೋರಿಸಿದಳು.

"ಯಾರು ಕಲಿಸಿದ್ರು?"

"ನಮ್ಮ ಮನಿ ಬಾಗಿಲ್ರೀ."

ಅವಳನ್ನು ಸೇರಿಸಿಕೊಂಡರು. ಅಲ್ಲಿಯೇ ಬಂಧುಗಳ ಮನೆಯಲ್ಲಿ ಉಳಿದಳು. ನಾವಿಬ್ಬರೇ ಮರಳಿದೆವು, ಮಾವ ಬಾಗಿಲು ಕೂಡಿಸಿದರು.

ಮರುವರ್ಷದ ಸುಗ್ಗಿಯಲ್ಲಿ ಕಣ ಸಾರಿಸಿದ ಕೂಡಲೇ ಮಾವ ಮೇಟಿಗೆ ಹಗ್ಗ ಕಟ್ಟಿದರು. ಪಾಲುದಾರ ಯಾರೂ ಹೇಳದೆಯೇ ಎತ್ತುಗಳನ್ನು ದೂರ ನಿಲ್ಲಿಸಿಕೊಂಡ.

"ಎಷ್ಟೊತ್ತು ಕಾಯಬೇಕ್ರೀ, ಅಣ್ಣಾರ?"

ಮಾವ ಹಗ್ಗ ಬಿಚ್ಚಿದರು. "ಹಾಕೋ ತೆನಿ. ಲೆಕ್ಕ ಮಾಡಾಕಿ ಊರಾಗಿಲ್ಲ."

ಆ ವರ್ಷ ಊರಲ್ಲಿ ಎಲ್ಲರಿಗಿಂತ ಮೊದಲು ರಾಶಿಯಾದದ್ದು ಮಾವನ ಕಣದಲ್ಲಿ.