ಮಾವನ ಎತ್ತು

ಹಿರಿಯೂರಿನ ಜವಳಿ ಅಂಗಡಿ ಪಂಚಾಕ್ಷರಪ್ಪನಿಗೆ ಬಟ್ಟೆಯ ಗಂಟು ಕಟ್ಟಲು ಬರುತ್ತಿತ್ತೇ ಹೊರತು ಎತ್ತು ಕಟ್ಟಲು ಬರುತ್ತಿರಲಿಲ್ಲ. ಮಾರಿಕಣಿವೆಯ ಹೊಸ ಕಟ್ಟೆಯ ಕೆಳಗಿನ ಹೂದೋಟ ನೋಡುವ ಚಪಲಕ್ಕೆ, ಮೊನ್ನೆ ತಾನೇ ಮನೆಗೆ ಬಂದಿದ್ದ ಮಾವನ ಗಾಡಿ ಬೇಡಿ ತಂದಿದ್ದ.

"ಎತ್ತಿಗೇನಾರ ಆದ್ರೆ ಮಗಳನ್ನ ವಾಪಸ್ ಕರ್ಕಂಡು ಹೋಗ್ತೀನಿ," ಎಂದು ಮಾವ ಹೇಳಿದ್ದು ತಮಾಷೆಗಲ್ಲ.

ಎರಡು ಬಿಳಿ ಎತ್ತುಗಳನ್ನೂ ಹುಣಸೆಮರಕ್ಕೆ ಕಟ್ಟಿ, ಗೆಳೆಯ ಓಬಳೇಶಪ್ಪನೊಂದಿಗೆ ತೋಟ ಹೊಕ್ಕ. ಮಳೆಗಾಲ ಕಳೆದ ಕಾರ್ತಿಕ ಸೋಮವಾರದ ಹಿತವಾದ ಬಿಸಿಲು. ಡೇರೆ ಹೂಗಳು ಪಾತಿ ತುಂಬ ಅರಳಿದ್ದವು. ಆ ಪಾತಿಯ ನಡುವೆಯೇ ಒಂದು ಬಿಳಿ ಎತ್ತು ನಿಂತು ಮೇಯುತ್ತಿತ್ತು.

"ಲೇ, ನಿಮ್ಮ ಮಾವನ ಎತ್ತು ಕಣೋ! ಬಟ್ಟೆ ಗಂಟು ಕಟ್ಟಿದಂಗೆ ಕಟ್ಟಿದ್ರೆ ಇನ್ನೇನಾಗ್ತೈತೆ?" ಎಂದ ಓಬಳೇಶಪ್ಪ.

"ಸುಮ್ಕಿರೋ! ನಮ್ದಲ್ಲ ಅನ್ನಂಗೆ ಮುಂದಕ್ಕೆ ಹೋಗಾಣ."

ಎತ್ತು ಬಿಟ್ಟರೆ ತಾನೆ? ಪಂಚಾಕ್ಷರಪ್ಪನ ಕೋಟಿನ ಜೇಬಿನಲ್ಲಿದ್ದ ಬೆಲ್ಲದ ವಾಸನೆ ಹಿಡಿದು, ಹೊಸ ಅಳಿಯನನ್ನು ಕಾಡುವ ನಾದಿನಿಯ ಹಾಗೆ ಬೆನ್ನಿಗೇ ಬಿತ್ತು.

ತೋಟದ ಮೇಸ್ತ್ರಿ ತಿಮ್ಮರಾಯಪ್ಪ ಕೋಲು ಹಿಡಿದು ಓಡಿಬಂದ. "ಯಾರ್ದ್ರೀ ಈ ಎತ್ತು?"

"ನಂಗೇನ್ ಗೊತ್ರೀ?" ಎಂದ ಪಂಚಾಕ್ಷರಪ್ಪ. ಎತ್ತು ಅವನ ಜೇಬು ನೆಕ್ಕಿತು.

ಸುತ್ತ ಜನ ಸೇರಿದರು. ಕಂಬಳಿ ಹೊದ್ದ ಜುಂಜಯ್ಯನೆಂಬ ರೈತ ಮುಂದೆ ಬಂದ. "ಅಯ್ಯೋ ಶಿವನೇ! ಹೆತ್ತ ಮಗನ್ನ ನೆಕ್ಕಿದಂಗೆ ನೆಕ್ತೈತೆ, ಇವ್ರದಲ್ವಂತೆ! ಒಪ್ಕಳ್ರಿ ಯಜಮಾನ್ರೇ, ಮೂಕಪ್ರಾಣಿ!"

"ಯಾರ್ದೂ ಅಲ್ದಿದ್ರೆ ದೊಡ್ಡಿಗೆ ಹೊಡೀತೀನಿ, ಆಮೇಲೆ ಸರ್ಕಾರದ್ದು," ಎಂದ ಮೇಸ್ತ್ರಿ.

ಪಂಚಾಕ್ಷರಪ್ಪ ಕೋಲಿಗೆ ಅಡ್ಡ ನಿಂತ. ಒಂಟಿ ಎತ್ತು ಹೊಡೆದುಕೊಂಡು ಹೋಗಿ ಮಾವನ ಮುಂದೆ ನಿಲ್ಲುವುದುಂಟೆ? "ನಮ್ಮ ಮಾವಂದೇ ಕಣ್ರೀ, ತಪ್ಪಾಯ್ತು!"

"ಹಂಗಾದ್ರೆ ಕೋಟು ಬಿಚ್ರಿ. ಪಾತಿ ಸರಿಮಾಡಿ, ನೀರು ಹೊತ್ತು ಹಾಕಿ ಹೋಗ್ರಿ."

ಸಂಜೆಯತನಕ ಪಂಚಾಕ್ಷರಪ್ಪ ಮಣ್ಣು ಅಗೆದ, ನೀರು ಹೊತ್ತ. ಓಬಳೇಶಪ್ಪ ಸೊಂಟ ನೋವೆಂದು ಕುಳಿತುಬಿಟ್ಟ. ಜುಂಜಯ್ಯ ಮಾತ್ರ ನೆರಳಲ್ಲಿ ಕೂತು, "ಇನ್ನೊಂಚೂರು ಆಳಕ್ಕೆ ಅಗೀರ್ರಿ," ಎಂದು ಬುದ್ಧಿ ಹೇಳುತ್ತಲೇ ಇದ್ದ. ಬೆನ್ನು ಬಿದ್ದುಹೋಗಿದ್ದರೂ, ಎತ್ತು ಉಳಿಯಿತಲ್ಲ ಎಂಬ ನೆಮ್ಮದಿಯಲ್ಲಿ ಪಂಚಾಕ್ಷರಪ್ಪ ಅದರ ಹಗ್ಗ ಹಿಡಿದು ಮರದ ಹತ್ತಿರ ಬಂದ.

ಮರದಡಿಯಲ್ಲಿ ಮಾವನ ಎರಡು ಎತ್ತುಗಳೂ ಮಲಗಿ ಮೆಲುಕು ಹಾಕುತ್ತಿದ್ದವು. ಬಟ್ಟೆ ಗಂಟು ಮಿಸುಕಿರಲಿಲ್ಲ.

ಹಿಂದಿನಿಂದ ಬಂದ ಜುಂಜಯ್ಯ ಅವನ ಕೈಯಿಂದ ಹಗ್ಗವನ್ನು ಮೆಲ್ಲಗೆ ಬಿಡಿಸಿಕೊಂಡ. "ಇತ್ಲಾಗೆ ಕೊಡ್ರಿ. ನಮ್ಮೆತ್ತು ನಿಮ್ಗೆ ಭಾಳ ತ್ರಾಸು ಕೊಡ್ತು."

ಪಂಚಾಕ್ಷರಪ್ಪನಿಗೆ ಸಿಟ್ಟು ನೆತ್ತಿಗೇರಬೇಕಿತ್ತು. ಆದರೆ ಅವನು ಮಾವನ ಎತ್ತುಗಳ ಕೊರಳು ತಬ್ಬಿಕೊಂಡು, "ಸದ್ಯ, ಎರಡೂ ಅವೆ!" ಎಂದು ಉಸಿರುಬಿಟ್ಟ.

ನಾಲ್ಕು ಹೆಜ್ಜೆ ಹೋದ ಜುಂಜಯ್ಯ ತಿರುಗಿ ನಿಂತ. "ಅಂದಂಗೆ ಯಜಮಾನ್ರೇ, ಬರೋ ಸೋಮವಾರನೂ ನಮ್ಮೆತ್ತು ಇಲ್ಲೇ ಮೇಯಾಕೆ ಬರ್ತೈತೆ, ನೀವೂ ಬರ್ತೀರೇನ್ರೀ?"